ಐ.ಸಿ.ಯು. ಬಾಗಿಲಲ್ಲಿ ತಡೆದ ತೀರ್ಥ

ಊರಿನಿಂದ ಕಾಯಿಲೆಯ ಫೈಲು ಹಿಡಿದು ರೈಲಿಳಿದವರನ್ನು ಒಮ್ಮೆಯಾದರೂ ಪರೇಲಿಗೆ ಕರೆದೊಯ್ಯದ ಮುಂಬಯಿ ಕನ್ನಡಿಗರು ವಿರಳ. ದಾದರಿನಲ್ಲಿ ಅವರನ್ನು ಎದುರುಗೊಂಡು, ಟ್ಯಾಕ್ಸಿಯವನಿಗೆ ದಾರಿ ಹೇಳಿ, ಸಾಲಿನಲ್ಲಿ ನಿಂತು ಕೇಸ್‌ಪೇಪರ್ ಮಾಡಿಸುವ ಕೆಲಸ ನಮ್ಮಲ್ಲಿ ಪ್ರತಿಯೊಂದು ಮನೆಗೂ ಎಂದಾದರೊಂದು ದಿನ ಬಂದೇ ಬರುತ್ತದೆ. ಅಲ್ಲಿ ಹೆಚ್ಚು ದೂರ ನಡೆಯದೆಯೇ ೧೯೨೬ರ ಕೆ.ಇ.ಎಂ. ಸಿಗುತ್ತದೆ, ೧೯೨೯ರ ವಾಡಿಯಾ ಮಕ್ಕಳ ಆಸ್ಪತ್ರೆ ಸಿಗುತ್ತದೆ, ೧೯೪೧ರ ಟಾಟಾ ಸಿಗುತ್ತದೆ. ಪ್ಲೇಗಿಗೆ ಲಸಿಕೆ ಮಾಡಿ ೧೮೯೭ರಲ್ಲಿ ಮೊದಲು ತನಗೇ ಚುಚ್ಚಿಕೊಂಡ ಹಾಫ್ಕಿನ್ ಸಾಹೇಬನ ಹೆಸರಿನ ಸಂಸ್ಥೆಯೂ ಅಲ್ಲಿಯೇ. ರೋಗಾಣುವಿನೊಡನೆ ಕಾದಾಡುವ ವಿದ್ಯೆಯಲ್ಲಿ ಈ ನಗರಕ್ಕೆ ನೂರಿಪ್ಪತ್ತೈದು ವರ್ಷ ಮೀರಿದ ಅನುಭವವಿದೆ. ಹೀಗಿದ್ದೂ ಈಗ ನಾವು ಬರೆಯಹೊರಟಿರುವ ರೋಗಾಣುವಿನ ಮುಂದೆ ದೊಡ್ಡ ದೊಡ್ಡ ವೈದ್ಯರೇ ಕೈ ಹಿಸುಕಿಕೊಳ್ಳುತ್ತಿದ್ದಾರೆ. ಅದು ಗಟಾರದಿಂದಲೋ ಸೊಳ್ಳೆಯಿಂದಲೋ ಬರುವಂಥದಲ್ಲ. ಆಸ್ಪತ್ರೆಯೊಳಗೇ ಮನೆ ಮಾಡಿಕೊಂಡಿರುವಂಥದು. ಅದು ಎಲ್ಲರಿಗಿಂತ ಮೊದಲು ಎರಗುವುದು ಎಲ್ಲರಿಗಿಂತ ಚಿಕ್ಕವರ ಮೇಲೆ.

ನಮ್ಮ ನೆರೆಮನೆಯಲ್ಲಿ ನಡೆದುದನ್ನೇ ಮೊದಲು ಹೇಳುತ್ತೇವೆ. ಅವರು ಕುಂದಾಪುರದ ಕಡೆಯವರು. ಡೊಂಬಿವಿಲಿಯಲ್ಲಿ ಮೂವತ್ತು ವರ್ಷದ ಸಂಸಾರ. ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳಿಗೆ ಏಳು ತಿಂಗಳು ತುಂಬುತ್ತಲೇ ನೋವು ಕಾಣಿಸಿಕೊಂಡಿತು. ಉಪನಗರದ ಒಂದು ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು. ತೂಕ ಒಂದೂಕಾಲು ಕಿಲೋ. ಹೆತ್ತವಳು ಮುಖ ನೋಡುವಷ್ಟರಲ್ಲಿ ಕೂಸನ್ನು ಐ.ಸಿ.ಯು.ಗೆ ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಎಂಟು ದಿನ ಎಲ್ಲವೂ ನೆಟ್ಟಗೆ ಸಾಗಿತು. ಉಸಿರಿನ ಯಂತ್ರ ತೆಗೆದರು, ಹಾಲು ಹೆಚ್ಚಿಸುತ್ತ ಬಂದರು. ಅಜ್ಜಿಗೆ ಧೈರ್ಯ ಬಂದು, ಕೊಲ್ಲೂರಿಗೆ ಹೋಗಿಬಂದವರ ಕೈಯಲ್ಲಿ ತರಿಸಿದ್ದ ತೀರ್ಥದ ಸಣ್ಣ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟರು. ಜೊತೆಗೆ ನಾವೂ ಹೋದೆವು.

ಬಾಗಿಲಲ್ಲಿ ದಾದಿ ತಡೆದಳು. ಕೇರಳದ ಹುಡುಗಿ, ಮುಂಬಯಿಗೆ ಬಂದು ಮರಾಠಿ ಕಲಿತವಳು. "ಆಜಿ, ಹಾತ್ ಧುವಾ," ಎಂದಳು. ಅಜ್ಜಿ ಕೈ ತೊಳೆದರು. ಬಳೆ ತೆಗೆಯಿರಿ ಎಂದಳು. ಗಾಜಿನ ಬಳೆ! ಅಜ್ಜಿಯ ಮುಖ ಬಿಗಿಯಿತು. ಕೊನೆಗೆ ಬಾಟಲಿ ಕಂಡು, ಅದು ಮಾತ್ರ ಒಳಗೆ ಬರಕೂಡದೆಂದಳು. "ದೇವ್ರ ತೀರ್ಥದಗೂ ಹುಳ ಇತ್ತಾ ಮರಾಯ್ರೆ?" ಎಂದು ಅಜ್ಜಿ ನಮ್ಮ ಕಡೆ ತಿರುಗಿದರು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಾವೂ ಅಜ್ಜಿಯ ಪಕ್ಷವೇ. ಲಕ್ಷಗಟ್ಟಲೆ ಬಿಲ್ಲು ಮಾಡುವವರಿಗೆ ಮುದುಕಿಯ ಒಂದು ಹನಿ ತೀರ್ಥ ಭಾರವಾಯಿತೇ ಎಂದು ನಾವೂ ನಾಲ್ಕು ಮಾತು ಆಡಿದೆವು. ದಾದಿ ಮರುಮಾತಾಡಲಿಲ್ಲ. ಬಾಟಲಿಯನ್ನು ತೆಗೆದು ತನ್ನ ಕಪಾಟಿನಲ್ಲಿಟ್ಟು, ಅಜ್ಜಿಯನ್ನು ಬರಿಗೈಯಲ್ಲಿ ಒಳಕ್ಕೆ ಬಿಟ್ಟಳು.

ಮರುದಿನ ಮಗು ಹಾಲು ಅರಗಿಸಿಕೊಳ್ಳಲಿಲ್ಲ. ಜ್ವರ ಬರಲಿಲ್ಲ, ಬದಲಿಗೆ ಮೈ ತಣ್ಣಗಾಯಿತು. ಇಷ್ಟು ಚಿಕ್ಕ ಕೂಸುಗಳಿಗೆ ನಂಜು ತಗಲಿದಾಗ ಹೀಗಾಗುವುದೂ ಉಂಟಂತೆ. ನಡುನಡುವೆ ಉಸಿರು ಎಳೆಯುವುದನ್ನೇ ಮರೆಯುತ್ತಿತ್ತು. ಮತ್ತೆ ಯಂತ್ರ ಹಾಕಿದರು. ರಕ್ತ ತೆಗೆದು ಕಲ್ಚರಿಗೆ ಕಳಿಸಿದರು. ಎರಡು ದಿನ ಬಿಟ್ಟು ವರದಿ ಬಂತು: ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ. ಕೆಳಗೆ ಔಷಧಗಳ ಪಟ್ಟಿ. ಒಂದೊಂದರ ಎದುರಿಗೂ ಒಂದೊಂದು ಅಕ್ಷರ.

ಈ ಅಕ್ಷರಗಳನ್ನು ಓದಲು ನಮಗೆ ಆ ದಿನ ಕಲಿಸಿದವರು ಅಲ್ಲಿನ ಕಿರಿಯ ವೈದ್ಯರೊಬ್ಬರು. ಕಲ್ಚರು ಎಂದರೆ ಮಗುವಿನ ರಕ್ತವನ್ನು ಪೌಷ್ಟಿಕ ರಸದಲ್ಲಿಟ್ಟು, ಅದರಲ್ಲಿ ಅಡಗಿರುವ ರೋಗಾಣುವನ್ನು ಬೆಳೆಸಿ, ಬೆಳೆದದ್ದರ ಮೇಲೆ ಒಂದೊಂದೇ ಔಷಧವನ್ನು ಪ್ರಯೋಗಿಸಿ ನೋಡುವ ಪರೀಕ್ಷೆ. ಔಷಧಕ್ಕೆ ರೋಗಾಣು ಮಣಿದರೆ ಎಸ್, ಮಣಿಯದಿದ್ದರೆ ಆರ್, ನಡುವಿನದಾದರೆ ಐ. ನಮ್ಮ ಮುಂದಿದ್ದ ಕಾಗದದಲ್ಲಿ ಮೇಲಿಂದ ಕೆಳಗೆ ಆರ್, ಆರ್, ಆರ್ ಎಂದು ಇಳಿದಿತ್ತು. ದೊಡ್ಡ ಔಷಧವೆಂದು ಹೆಸರಾದ ಮೆರೊಪೆನೆಮ್ ಎದುರಿಗೂ ಅದೇ ಅಕ್ಷರ. ಕಟ್ಟಕಡೆಯಲ್ಲಿ ಕೊಲಿಸ್ಟಿನ್ ಎಂಬ ಒಂದರ ಮುಂದೆ ಮಾತ್ರ ಐ. ಈ ಔಷಧಕ್ಕೆ ಎಸ್ ಎಂಬ ಅಕ್ಷರವನ್ನೇ ಈಗ ಹಲವು ಪ್ರಯೋಗಶಾಲೆಗಳು ಬಳಸುವುದಿಲ್ಲವಂತೆ. ಅದರ ಭರವಸೆ ಅಷ್ಟಕ್ಕಷ್ಟೆ. ಕೊಲಿಸ್ಟಿನ್ ಹೊಸ ಔಷಧವೆಂದು ಭಾವಿಸಬೇಡಿ. ಜಪಾನಿನಲ್ಲಿ ೧೯೪೯ರಲ್ಲಿ ಕಂಡುಹಿಡಿದದ್ದು. ಮೂತ್ರಪಿಂಡಕ್ಕೆ ಕೆಡುಕೆಂದು ೧೯೭೦ರ ದಶಕದಲ್ಲಿ ಮೂಲೆಗಿಟ್ಟಿದ್ದರು. ಹೊಸ ಪಾತ್ರೆಗಳೆಲ್ಲ ತೂತಾದ ಮೇಲೆ ಅಟ್ಟದ ಮೇಲಿನ ಹಳೆಯ ತಪ್ಪಲೆಯನ್ನು ಇಳಿಸಿದ ಹಾಗೆ ಈಗ ಅದನ್ನು ಇಳಿಸಿಕೊಂಡಿದ್ದಾರೆ.

ಕ್ಲೆಬ್ಸಿಯೆಲ್ಲಾ ಎಂಬುದು ಭಯಂಕರ ಪ್ರಾಣಿಯೇನಲ್ಲ. ನಿಮ್ಮ ನಮ್ಮ ಕರುಳಿನಲ್ಲಿ ಅದು ಇದ್ದರೂ ಇದ್ದೀತು; ಸುಮ್ಮನೆ ತನ್ನ ಪಾಡಿಗೆ ತಾನಿರುತ್ತದೆ. ಅದು ಇರಬಾರದ ಜಾಗಕ್ಕೆ ಹೋದಾಗಲೇ ಕೇಡು. ಐ.ಸಿ.ಯು.ದ ಮಗುವಿನಲ್ಲಿ ಅಂಥ ಜಾಗಗಳಿಗೆ ನಾವೇ ಬಾಗಿಲು ತೆರೆದಿರುತ್ತೇವೆ. ರಕ್ತನಾಳಕ್ಕೆ ಒಂದು ನಳಿಕೆ, ಉಸಿರಿನ ದಾರಿಗೆ ಒಂದು, ಹೊಟ್ಟೆಗೆ ಒಂದು, ಮೂತ್ರಕ್ಕೆ ಕೆಲವೊಮ್ಮೆ ಇನ್ನೊಂದು. ಈ ನಳಿಕೆಗಳಿಲ್ಲದೆ ಮಗು ಬದುಕದು. ನಳಿಕೆಯ ಒಳಗೋಡೆಗೆ ಪಾಚಿಯಂತೆ ಅಂಟಿಕೊಂಡು ಬೆಳೆಯುವ ರೋಗಾಣುವನ್ನು ಔಷಧ ಸುಲಭವಾಗಿ ಮುಟ್ಟದು. ಮೇಲಾಗಿ ತಾಯಿಯ ರಕ್ತದಲ್ಲಿರುವ ರೋಗನಿರೋಧಕ ಅಂಶಗಳು ಮಗುವಿಗೆ ಹೆಚ್ಚಾಗಿ ಇಳಿದುಬರುವುದು ಬಸುರಿನ ಕೊನೆಯ ಮೂರು ತಿಂಗಳಲ್ಲಿ. ಏಳನೆಯ ತಿಂಗಳಿಗೇ ಹುಟ್ಟಿದ ಕೂಸು ಆ ಬುತ್ತಿಯಿಲ್ಲದೆ ದಾರಿ ಹಿಡಿದಿರುತ್ತದೆ. ಅದರ ಚರ್ಮವೋ, ಬಾಳೆಯ ಸುಳಿಯೆಲೆಗಿಂತ ತೆಳು.

ಹಾಗಾದರೆ ರೋಗಾಣು ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಹೇಗೆ ಹೋಗುತ್ತದೆ? ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಬಹುತೇಕ ಅದು ಹೋಗುವುದು ನಮ್ಮ ಕೈಯ ಮೇಲೆ ಸವಾರಿ ಮಾಡಿ. ವೈದ್ಯರ ಕೈ, ದಾದಿಯ ಕೈ, ಎಕ್ಸ್‌ರೇ ತೆಗೆಯುವವನ ಕೈ, ನೋಡಲು ಬಂದ ಸೋದರಮಾವನ ಕೈ. ಅಸಿನೆಟೊಬ್ಯಾಕ್ಟರ್ ಎಂಬ ಇನ್ನೊಂದಂತೂ ಒಣಗಿದ ಮೇಜು, ಮಂಚದ ಕಂಬಿ, ಯಂತ್ರದ ಗುಂಡಿಗಳ ಮೇಲೆ ವಾರಗಟ್ಟಲೆ ಜೀವ ಹಿಡಿದಿರುತ್ತದೆ. ಮಗುವನ್ನು ಮುಟ್ಟುವ ಮೊದಲು ಯಂತ್ರದ ಗುಂಡಿ ಒತ್ತಿದರೆ ಸಾಕು, ಸವಾರಿ ಸಿಕ್ಕಿತು.

ಇದು ಹೊಸ ಜ್ಞಾನವೂ ಅಲ್ಲ. ೧೮೪೭ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ಹಂಗೆರಿಯ ತರುಣ ವೈದ್ಯ ಒಂದು ವಿಚಿತ್ರ ಕಂಡ. ಸೂಲಗಿತ್ತಿಯರು ನಡೆಸುತ್ತಿದ್ದ ವಾರ್ಡಿನಲ್ಲಿ ಬಾಣಂತಿಯರು ಬದುಕುತ್ತಿದ್ದರು. ವೈದ್ಯರೂ ವಿದ್ಯಾರ್ಥಿಗಳೂ ನಡೆಸುತ್ತಿದ್ದ ವಾರ್ಡಿನಲ್ಲಿ ನಂಜೇರಿ ಸಾಯುತ್ತಿದ್ದರು. ವೈದ್ಯರು ಹೆಣ ಕೊಯ್ದು, ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿರೆಂದು ಆತ ಕಟ್ಟಪ್ಪಣೆ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಇಷ್ಟಾದರೂ ದೊಡ್ಡ ವೈದ್ಯರು ಒಪ್ಪಲಿಲ್ಲ. ಸಂಭಾವಿತರ ಕೈ ಹೊಲಸಾಗಿರುತ್ತದೆಯೇ ಎಂಬುದು ಅವರ ಕೋಪ. ಆತ ೧೮೬೫ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ. ಅಂದಮೇಲೆ ನಮ್ಮ ನೆರೆಮನೆಯ ಅಜ್ಜಿ ಸಿಟ್ಟಾದುದರಲ್ಲಿ ಏನಾಶ್ಚರ್ಯ! ಆಕೆಯ ಸಿಟ್ಟಿಗೆ ವಿಯೆನ್ನಾದ ಪ್ರೊಫೆಸರರ ಪರಂಪರೆಯೇ ಇದೆ.

ಈಗಿನವರು ತಿದ್ದಿಕೊಂಡಿದ್ದಾರೆಂದೂ ಹೇಳುವ ಹಾಗಿಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾದ ದೊಡ್ಡ ಆಸ್ಪತ್ರೆಯಲ್ಲಿ ೧೯೯೪ರಲ್ಲಿ ಎಣಿಸಿ ನೋಡಿದಾಗ, ಕೈ ಶುದ್ಧ ಮಾಡಲೇಬೇಕಾದ ನೂರು ಸಂದರ್ಭಗಳಲ್ಲಿ ಸಿಬ್ಬಂದಿ ಮಾಡುತ್ತಿದ್ದುದು ನಲವತ್ತೆಂಟರಲ್ಲಿ ಮಾತ್ರ. ಮಂಚದ ಬಳಿಯಲ್ಲೇ ಸ್ಪಿರಿಟ್ಟಿನ ದ್ರಾವಣವನ್ನು ಇಟ್ಟು, ಎಡೆಬಿಡದೆ ನೆನಪಿಸಿ, ೧೯೯೭ರ ಹೊತ್ತಿಗೆ ಅದನ್ನು ಅರವತ್ತಾರಕ್ಕೆ ತಂದರು. ಅಷ್ಟಕ್ಕೇ ಆಸ್ಪತ್ರೆಯ ಸೋಂಕು ಬಹಳಮಟ್ಟಿಗೆ ಇಳಿಯಿತು. ಐ.ಸಿ.ಯು.ದಲ್ಲಿ ಯಂತ್ರದ ಮೇಲಿರುವ ಮಗುವಿಗೆ ಒಬ್ಬ ದಾದಿ, ಉಳಿದ ಎರಡು ಮಕ್ಕಳಿಗೆ ಒಬ್ಬಳು ಇರಬೇಕೆಂಬುದು ತಿಳಿದವರ ಲೆಕ್ಕ. ನಮ್ಮ ಅಜ್ಜಿಯನ್ನು ತಡೆದ ಹುಡುಗಿ ಆ ರಾತ್ರಿ ನಾಲ್ಕು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಒಂದು ಮಗು ನೀಲಿಗಟ್ಟುತ್ತಿರುವಾಗ ಇನ್ನೊಂದು ಮಗುವಿನ ಬಳಿಯಿಂದ ಓಡಿಬರುವವಳು ಕೈ ತೊಳೆಯುತ್ತ ನಿಲ್ಲಬೇಕೇ? ಆಸ್ಪತ್ರೆ ಕಟ್ಟುವವರು ಮುಂಬಾಗಿಲಿಗೆ ಹಾಸುವ ಅಮೃತಶಿಲೆಯ ಖರ್ಚಿನಲ್ಲಿ ಇನ್ನಿಬ್ಬರು ದಾದಿಯರನ್ನು ಇಡಬಾರದೇ ಎಂದು ನಮಗೆ ತೋರುತ್ತದೆ. ನಾವೂ ಆ ಅಮೃತಶಿಲೆ ನೋಡಿಯೇ ಆಸ್ಪತ್ರೆ ಆರಿಸುತ್ತೇವೆ ಎಂಬುದೂ ನಿಜ.

ಇನ್ನು ಔಷಧ ಸೋತ ಕತೆ. ಪೆನಿಸಿಲಿನ್ನನ್ನು ೧೯೨೮ರಲ್ಲಿ ಕಂಡ ಫ್ಲೆಮಿಂಗ್, ೧೯೪೫ರಲ್ಲಿ ನೊಬೆಲ್ ಬಹುಮಾನ ಪಡೆದು ಮಾಡಿದ ಭಾಷಣದಲ್ಲೇ ಎಚ್ಚರಿಸಿದ್ದ: ಅರೆಬರೆ ಪ್ರಮಾಣದಲ್ಲಿ ಔಷಧ ತೆಗೆದುಕೊಂಡರೆ ರೋಗಾಣು ಸಾಯದೆ ಪಾಠ ಕಲಿಯುತ್ತದೆ ಎಂದು. ನಮ್ಮಲ್ಲಿ ೧೯೫೪ರಲ್ಲಿ ಪುಣೆಯ ಬಳಿ ಪಿಂಪ್ರಿಯಲ್ಲಿ ಸರಕಾರದ ಆಂಟಿಬಯೋಟಿಕ್ ಕಾರ್ಖಾನೆ ಎದ್ದಾಗ ದೇಶಕ್ಕೆ ದೇಶವೇ ಹೆಮ್ಮೆಪಟ್ಟಿತು. ಕನ್ನಡನಾಡಿನ ಎಂ. ಜೆ. ತಿರುಮಲಾಚಾರ್ ಅವರು ಅಲ್ಲಿಯೇ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಹ್ಯಾಮೈಸಿನ್ ಎಂಬ ಔಷಧವನ್ನು, ಬೂಷ್ಟಿನ ರೋಗಗಳಿಗೆ, ತೆಗೆದರು. ಸೂಜಿಮದ್ದು ಒಂದಿದ್ದರೆ ನಂಜಿನ ಭಯವಿಲ್ಲ ಎಂದು ನಮ್ಮ ಹಿರಿಯರು ನಂಬಿದ್ದು ಆ ಕಾಲದಲ್ಲಿ. ನಂಬಿಕೆ ಸುಳ್ಳಾಗಿರಲಿಲ್ಲ. ಆದರೆ ನಂಬಿಕೆ ಹೆಚ್ಚಾಗಿ, ನೆಗಡಿಗೂ ಅದೇ, ಹೊಟ್ಟೆನೋವಿಗೂ ಅದೇ, ಕೋಳಿಯ ಮೇವಿಗೂ ಅದೇ ಎಂದಾಯಿತು. ಮೇಲೆ ಹೇಳಿದ ಕೊಲಿಸ್ಟಿನ್ನನ್ನು ಸಾಕುಪ್ರಾಣಿಗಳ ಮೇವಿನಲ್ಲಿ ಬೆರೆಸುವುದನ್ನು ನಮ್ಮ ಸರಕಾರ ನಿಷೇಧಿಸಿದ್ದು ೨೦೧೯ರಲ್ಲಿ.

ರೋಗಾಣು ಪಾಠ ಕಲಿಯುವ ಬಗೆ ಹೋಟೆಲಿನ ಧಂಧೆ ಬಲ್ಲ ನಮ್ಮವರಿಗೆ ಸುಲಭವಾಗಿ ತಿಳಿದೀತು. ಒಂದು ಹೋಟೆಲಿನ ಭಟ್ಟರು ಒಳ್ಳೆಯ ಸಾಂಬಾರಿನ ಹದ ಕಂಡುಕೊಂಡರೆಂದು ತಿಳಿಯಿರಿ. ಅವರ ಮಗನಿಗೆ ಅದು ಹೋಗುವುದು ಸಹಜ. ಆದರೆ ಹದ ಬರೆದ ಚೀಟಿಯೊಂದು ಅಡಿಗೆಮನೆಯಿಂದ ಅಡಿಗೆಮನೆಗೆ, ಊರೂ ಜಾತಿಯೂ ಬೇರೆಯಾದ ಅಡಿಗೆಯವರಿಗೆ ಸಹ, ಕೈ ಬದಲಾಯಿಸುತ್ತ ಹೋದರೆ? ಮೂರು ತಿಂಗಳಲ್ಲಿ ಮಾಟುಂಗಾದಿಂದ ವಿರಾರಿನವರೆಗೆ ಒಂದೇ ಸಾಂಬಾರು. ರೋಗಾಣುಗಳಲ್ಲಿ ಅಂಥ ಚೀಟಿಗಳಿವೆ. ಪ್ಲಾಸ್ಮಿಡ್ ಎಂದು ಅವಕ್ಕೆ ಹೆಸರು. ಔಷಧವನ್ನು ಮುರಿಯುವ ವಿದ್ಯೆ ಒಂದು ಜಾತಿಯ ರೋಗಾಣುವಿನಿಂದ ಇನ್ನೊಂದು ಜಾತಿಗೆ ಅದರ ಮೂಲಕ ದಾಟುತ್ತದೆ. ಅಂಥ ವಿದ್ಯೆಗಳಲ್ಲಿ ಒಂದಕ್ಕೆ ಎನ್.ಡಿ.ಎಂ.-೧ ಎಂದು ಹೆಸರು. ಮೆರೊಪೆನೆಮ್‌ನಂಥ ಔಷಧಗಳನ್ನೇ ಅದು ನಿರರ್ಥಕಗೊಳಿಸುತ್ತದೆ. ಹೆಸರಿನಲ್ಲಿ ಹೊಸದಿಲ್ಲಿಯ ನಂಟಿದ್ದುದರಿಂದ ೨೦೧೦ರಲ್ಲಿ ದೊಡ್ಡ ಗದ್ದಲವಾಯಿತು. ದೇಶದ ಮಾನ ಹೋಯಿತೆಂದು ಕೂಗಾಡಿದ್ದೇ ಹೆಚ್ಚು. ಅದೇ ವರ್ಷದ ಮಾರ್ಚಿನಲ್ಲಿ ನಮ್ಮ ಮಾಹಿಮಿನ ಹಿಂದುಜಾ ಆಸ್ಪತ್ರೆಯ ತಜ್ಞರು ಗದ್ದಲವಿಲ್ಲದೆ ತಮ್ಮ ಲೆಕ್ಕ ಪ್ರಕಟಿಸಿದ್ದರು. ಮೂರು ತಿಂಗಳಲ್ಲಿ ದೊರೆತ, ಆ ದೊಡ್ಡ ಔಷಧಗಳಿಗೆ ಮಣಿಯದ ೨೪ ರೋಗಾಣು ಮಾದರಿಗಳಲ್ಲಿ ೨೨ರಲ್ಲಿ ಈ ವಿದ್ಯೆ ಸಿಕ್ಕಿತ್ತು. ಅದು ಮಕ್ಕಳ ವಾರ್ಡಿನದೇ ಲೆಕ್ಕವಲ್ಲ. ಆದರೂ ಚೀಟಿ ಆಗಲೇ ಮುಂಬಯಿಯಲ್ಲಿ ಕೈ ಬದಲಾಯಿಸುತ್ತಿತ್ತೆಂಬುದಕ್ಕೆ ಸಾಕ್ಷಿ. ಆ ಸಂಗತಿಯನ್ನು ಬಚ್ಚಿಡದೆ ಹೇಳಿದ ಆ ವೈದ್ಯರ ಧೈರ್ಯ ದೊಡ್ಡದು.

ಮಕ್ಕಳ ವಿಷಯದಲ್ಲಿ ದೆಹಲಿಯ ಮೂರು ಆಸ್ಪತ್ರೆಗಳು ಕೂಡಿ ೨೦೧೧ರಿಂದ ೨೦೧೪ರವರೆಗೆ ನಡೆಸಿದ ಅಧ್ಯಯನ ಕಣ್ಣು ತೆರೆಸುವಂಥದು. ಐ.ಸಿ.ಯು. ಸೇರಿದ ೧೩,೫೩೦ ನವಜಾತ ಶಿಶುಗಳನ್ನು ಅವರು ನೋಡಿದರು. ನೂರಕ್ಕೆ ಹದಿನಾಲ್ಕರಷ್ಟು ಮಕ್ಕಳಿಗೆ ರಕ್ತದ ನಂಜು. ಮುಂಚೂಣಿಯಲ್ಲಿದ್ದುದು ಅಸಿನೆಟೊಬ್ಯಾಕ್ಟರ್, ಅದರ ಹಿಂದೆ ನಮ್ಮ ಕ್ಲೆಬ್ಸಿಯೆಲ್ಲಾ. ಮೊದಲನೆಯದರಲ್ಲಿ ನೂರಕ್ಕೆ ಎಂಬತ್ತೆರಡು, ಎರಡನೆಯದರಲ್ಲಿ ನೂರಕ್ಕೆ ಐವತ್ತನಾಲ್ಕು, ಹಲವು ಔಷಧಗಳಿಗೆ ಒಟ್ಟಿಗೇ ಮಣಿಯದವು. ಜಗತ್ತಿನ ಲೆಕ್ಕ ಬೇಕಾದರೆ, ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಹೇಳಿದ್ದು ಇದು: ಆಸ್ಪತ್ರೆ ಸೇರಿದ ನೂರು ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ ಏಳು, ನಮ್ಮಂಥ ದೇಶಗಳಲ್ಲಿ ಹದಿನೈದು ಜನ ಅಲ್ಲಿಯೇ ಹೊಸ ಸೋಂಕೊಂದನ್ನು ಪಡೆಯುತ್ತಾರೆ. ಅಂಕಿಗಳು ಇಷ್ಟು ಸಾಕು.

ಈ ಕತ್ತಲೆಯಲ್ಲಿ ದೀಪವೊಂದು ನಮ್ಮ ನಗರದ್ದೇ ಇದೆ. ಅದನ್ನು ಹೇಳಲೆಂದೇ ಇಷ್ಟು ಬರೆದೆವು. ಸಾಯನ್ನಿನ ಲೋಕಮಾನ್ಯ ಟಿಳಕ್ ಆಸ್ಪತ್ರೆಯನ್ನು ಎಲ್ಲರೂ ಸಾಯನ್ ಆಸ್ಪತ್ರೆಯೆಂದೇ ಕರೆಯುವುದು. ಪಕ್ಕದಲ್ಲಿ ಧಾರಾವಿ, ಬರುವವರು ಕೈಯಲ್ಲಿ ಕಾಸಿಲ್ಲದವರು. ಅಲ್ಲಿನ ನವಜಾತ ಶಿಶುಗಳ ವಿಭಾಗವನ್ನು ಡಾ. ಆರ್ಮಿಡಾ ಫರ್ನಾಂಡಿಸ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಕೂಸುಗಳು ಭೇದಿಯಿಂದ, ನಂಜಿನಿಂದ ಸಾಯುತ್ತಿದ್ದವು. ಔಷಧಕ್ಕಿಂತ ಔಷಧ ಹೆಚ್ಚಿಸುವ ದಾರಿ ಇತ್ತು. ಅವರು ಬೇರೆ ಕಡೆ ನೋಡಿದರು. ಮಕ್ಕಳ ಬಾಯಿಗೆ ಏನು ಹೋಗುತ್ತಿದೆ? ಪುಡಿಯ ಹಾಲು, ಬಾಟಲಿ, ಕದಡುವ ನೀರು. ಮಕ್ಕಳನ್ನು ಯಾರು ಮುಟ್ಟುತ್ತಿದ್ದಾರೆ? ಒಂದು ಮಗುವಿನಿಂದ ಇನ್ನೊಂದಕ್ಕೆ ಓಡುವ ಬೆರಳೆಣಿಕೆಯ ದಾದಿಯರು. ಅವರು ಪುಡಿಹಾಲನ್ನು ಹೊರಗೆ ಹಾಕಿದರು. ಅದುವರೆಗೆ ಹೊರಗೆ ನಿಂತಿದ್ದ ತಾಯಂದಿರನ್ನು ಒಳಕ್ಕೆ ಕರೆದರು. ಕೈ ತೊಳೆಯುವುದನ್ನು ಕಲಿಸಿ, ಅವರವರ ಮಗುವಿನ ಆರೈಕೆಯನ್ನು ಅವರವರಿಗೇ ಒಪ್ಪಿಸಿದರು. ಒಂದೇ ತಾಯಿಯ ಕೈ ಒಂದೇ ಮಗುವಿಗೆ. ತಾಯಿಯ ಮೈಮೇಲಿನ ಸೂಕ್ಷ್ಮಜೀವಿಗಳು ಮನೆಯವು. ಆಸ್ಪತ್ರೆಯಲ್ಲಿ ಔಷಧ ತಿಂದು ಪಳಗಿದವಲ್ಲ. ಸೋಂಕು ಇಳಿಯಿತು, ಸಾವು ಇಳಿಯಿತು.

ಆದರೆ ಕೆಲವು ತಾಯಂದಿರಿಗೆ ಹಾಲು ಬರುವುದಿಲ್ಲ. ಕೆಲವರು ಹೆರಿಗೆಯಲ್ಲೇ ಹೋಗಿಬಿಡುತ್ತಾರೆ. ಕೆಲವರು ಬೇರೆ ಆಸ್ಪತ್ರೆಯಲ್ಲಿ ಜ್ವರದಿಂದ ಮಲಗಿರುತ್ತಾರೆ. ಅವರ ಕೂಸುಗಳಿಗೆ ಏನು? ೧೯೮೯ರಲ್ಲಿ ಸಾಯನ್‌ನಲ್ಲಿ ತಾಯಿಹಾಲಿನ ಬ್ಯಾಂಕು ತೆರೆಯಿತು. ಏಷ್ಯದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರು. ಹಾಲು ಹೆಚ್ಚಾಗಿರುವ ಬಾಣಂತಿಯ ರಕ್ತ ಪರೀಕ್ಷಿಸಿ, ಅವಳು ಮನಸಾರೆ ಕೊಟ್ಟ ಹಾಲನ್ನು ಅರವತ್ತೆರಡೂವರೆ ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಇಟ್ಟು, ಮತ್ತೆ ಕಲ್ಚರು ಮಾಡಿ ನೋಡಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ಬೇಕಾದಾಗ ಕರಗಿಸಿ ಹನಿಹನಿಯಾಗಿ ಕೂಸಿನ ಹೊಟ್ಟೆಗೆ. ಹೆಸರು ತಿಳಿಯದ ಒಬ್ಬಳ ಹಾಲು ಹೆಸರಿಡದ ಒಂದು ಮಗುವಿಗೆ. ನಮ್ಮ ಊರುಗಳಲ್ಲಿ ಬಾಣಂತಿ ತೀರಿಕೊಂಡರೆ ಪಕ್ಕದ ಮನೆಯವಳು ಹಾಲೂಡುತ್ತಿದ್ದುದನ್ನು ಹಿರಿಯರು ಹೇಳುತ್ತಾರೆ. ಅದನ್ನೇ ಶಾಸ್ತ್ರೋಕ್ತವಾಗಿ ಮಾಡಿದರೆನ್ನಬಹುದು. ಪಿಂಪ್ರಿಯ ಕಾರ್ಖಾನೆಯೂ ಮುರಿಯಲಾಗದ ರೋಗಾಣುವನ್ನು ಧಾರಾವಿಯ ತಾಯಂದಿರು ಬಾಗಿಲಲ್ಲೇ ತಡೆದರು.

ಸಾಯನ್ನಿನ ಅನುಭವಕ್ಕೆ ದೊಡ್ಡ ಪ್ರಮಾಣದ ಸಾಕ್ಷಿ ಸಿಕ್ಕಿದ್ದು ೨೦೨೧ರಲ್ಲಿ. ಭಾರತವೂ ಸೇರಿ ಐದು ದೇಶಗಳಲ್ಲಿ, ಕಡಿಮೆ ತೂಕದ ೩,೨೧೧ ಶಿಶುಗಳಲ್ಲಿ, ಹುಟ್ಟಿದ ಕೂಡಲೇ ತಾಯಿಯನ್ನೂ ಐ.ಸಿ.ಯು.ದೊಳಗೆ ಇರಿಸಿ ಮಗುವನ್ನು ಅವಳ ಎದೆಗೆ ಬರಿಮೈ ತಾಗುವಂತೆ ಕಟ್ಟಿ ನೋಡಿದರು. ಹಾಗೆ ಕಟ್ಟಿದವರಲ್ಲಿ ಸಾವು ನೂರಕ್ಕೆ ಹನ್ನೆರಡು; ಹಳೆಯ ಪದ್ಧತಿಯಲ್ಲಿ ಹದಿನಾರಕ್ಕೆ ಸ್ವಲ್ಪ ಕಡಿಮೆ. ನಂಜಿನ ಶಂಕೆಯೂ ಕಡಿಮೆ. ಪ್ರಯೋಜನ ಇಷ್ಟು ಸ್ಪಷ್ಟವಾದ್ದರಿಂದ ಉಳಿದ ಮಕ್ಕಳಿಗೆ ಅದನ್ನು ತಪ್ಪಿಸುವುದು ಸರಿಯಲ್ಲವೆಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಇದಕ್ಕೂ ಹಿಂದೆ, ೨೦೦೬ರಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದ ಐ.ಸಿ.ಯು.ಗಳಲ್ಲಿ ದೊಡ್ಡವರ ವಿಷಯವಾಗಿ ಇನ್ನೊಂದು ಸರಳ ಸಂಗತಿ ಸಿದ್ಧವಾಗಿತ್ತು. ರಕ್ತನಾಳಕ್ಕೆ ನಳಿಕೆ ಹಾಕುವಾಗ ಕೈ ತೊಳೆದೆವೇ, ಚರ್ಮ ಶುದ್ಧ ಮಾಡಿದೆವೇ, ಮೈಪೂರ್ತಿ ಬಟ್ಟೆ ಹೊದಿಸಿದೆವೇ ಎಂದು ಪಟ್ಟಿ ಹಿಡಿದು ಕೇಳುವುದು; ದಿನವೂ ಬೆಳಿಗ್ಗೆ "ಈ ನಳಿಕೆ ಇನ್ನೂ ಬೇಕೇ?" ಎಂದು ಕೇಳುವುದು. ಇಷ್ಟರಿಂದಲೇ ನಳಿಕೆಯ ನಂಜು ಮೂರರಲ್ಲಿ ಒಂದು ಪಾಲಿಗೆ ಇಳಿಯಿತು.

ಆ ಕೊನೆಯ ಪ್ರಶ್ನೆಯನ್ನು ಬಾಗಿಲ ಹೊರಗಿನ ಬೆಂಚಿನಲ್ಲಿ ಕುಳಿತ ನಾವೂ ಕೇಳಬಹುದು. ಗಟ್ಟಿ ದನಿಯಲ್ಲಿ ಬೇಡ, ವಿನಯದಿಂದಲೇ. "ಡಾಕ್ಟರೇ, ಮಗುವಿನ ಕೈಯ ಲೈನು ಇನ್ನೂ ಎಷ್ಟು ದಿನ?" ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ತಾಯಿಯ ಹಾಲು ಹಿಂಡಿ ಕೊಡಬಹುದೇ, ಮಗುವನ್ನು ಎದೆಗೆ ಕಟ್ಟಿಕೊಳ್ಳಲು ಎಂದು ಬಿಡುತ್ತೀರಿ ಎಂದೂ ಕೇಳಬೇಕು. ಔಷಧ ಬದಲಾಯಿಸುವ ಮೊದಲು ಕಲ್ಚರಿಗೆ ರಕ್ತ ಹೋಯಿತೇ ಎಂದು ಕೇಳಬೇಕು. ಪರೀಕ್ಷೆಯ ಮೇಲೆ ಪರೀಕ್ಷೆ ಎಂದು ನಾವು ಗೊಣಗುತ್ತೇವೆ. ಈ ಒಂದು ಪರೀಕ್ಷೆಗೆ ಮಾತ್ರ ಗೊಣಗಬಾರದು, ಅದಿಲ್ಲದೆ ಕೊಡುವ ಔಷಧ ಕತ್ತಲೆಯಲ್ಲಿ ಬೀಸಿದ ಕೋಲು. ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ, ಮಗುವೂ ಚೆನ್ನಾಗಿದೆ, ಔಷಧ ನಿಲ್ಲಿಸುತ್ತೇವೆ ಎಂದರೆ ಇನ್ನೂ ನಾಲ್ಕು ದಿನ ಕೊಡಿ ಎಂದು ಹಟ ಹಿಡಿಯುವವರೂ ನಮ್ಮಲ್ಲಿ ಇದ್ದಾರೆ.

ಇನ್ನು ನೋಡಲು ಹೋಗುವ ವಿಚಾರ. ಹೆರಿಗೆಯಾದರೆ ಥಾಣೆಯ ಚಿಕ್ಕಪ್ಪ, ಮೀರಾರೋಡಿನ ಅತ್ತೆ, ಊರಿನ ಸಂಘದವರು ಎಲ್ಲರೂ ಬರಬೇಕು. ಬರದಿದ್ದರೆ ವರ್ಷವಿಡೀ ಮಾತು. ಲೋಕಲಿನ ಕಂಬಿ ಹಿಡಿದು ಬಂದ ಕೈಗಳು ಇವೆಲ್ಲ. ಐ.ಸಿ.ಯು. ಮಗುವನ್ನು ನೋಡಲು ಹೋಗದಿರುವುದೇ ಈ ಕಾಲದ ಉಪಚಾರ. ತಾಯಿಗೆ ಮನೆಯಿಂದ ಬಿಸಿ ಗಂಜಿ ಕಳಿಸಿದರೆ ಅದು ಸಹಾಯ. ಹೋಗಲೇಬೇಕಾದವರು ಉಂಗುರ ಬಳೆ ಕಳಚಿ ಮೊಣಕೈವರೆಗೆ ತೊಳೆಯ‍ಬೇಕು; ಸೋಪಾದರೆ ಮುಕ್ಕಾಲು ನಿಮಿಷವಾದರೂ, ಸ್ಪಿರಿಟ್ಟಿನ ದ್ರಾವಣವಾದರೆ ಒಣಗುವವರೆಗೆ ಇಪ್ಪತ್ತು ಮೂವತ್ತು ಸೆಕೆಂಡು ಉಜ್ಜಬೇಕು. ಉಂಗುರದ ಸಂದಿ ರೋಗಾಣುವಿಗೆ ಒಳ್ಳೆಯ ಬಿಡಾರ. ನೆಗಡಿಯಿದ್ದವರು ಮೆಟ್ಟಿಲನ್ನೂ ಹತ್ತಬಾರದು. ಒಳಗೆ ಫೋನು ಮುಟ್ಟಬಾರದು. ಮಗುವಿನ ಫೋಟೋ ತೆಗೆದು ಊರಿಗೆ ಕಳಿಸುವ ಆತುರದಲ್ಲಿ ತೊಳೆದ ಕೈ ಮತ್ತೆ ಮೈಲಿಗೆಯಾಗುತ್ತದೆ. ಮಡಿ ಮೈಲಿಗೆಯ ಪದ್ಧತಿಯಲ್ಲಿ ಬೇಡದ್ದು ಬಹಳ ಇತ್ತು. ಆದರೆ ಮಡಿಯಲ್ಲಿದ್ದವರು ಕಂಡದ್ದನ್ನೆಲ್ಲ ಮುಟ್ಟುತ್ತಿರಲಿಲ್ಲ, ಐ.ಸಿ.ಯು.ದಲ್ಲಿ ಅಷ್ಟನ್ನು ನೆನಪಿಟ್ಟರೆ ಸಾಕು.

ಮನೆಯ ಬಳಿಯ ಮೆಡಿಕಲ್ ಸ್ಟೋರಿನ ಮಾತೂ ಇದೇ ಕತೆಯ ಭಾಗ. ಮೂರು ಗುಳಿಗೆ ತಂದು, ಎರಡು ನುಂಗಿ, ಜ್ವರ ಬಿಟ್ಟಿತೆಂದು ಮೂರನೆಯದನ್ನು ಡಬ್ಬಿಯಲ್ಲಿಡುವವರು ನಮ್ಮಲ್ಲಿ ಯಾರಿಲ್ಲ? ಆ ಮೂರನೆಯದು ಮುಂದೆ ಮೊಮ್ಮಗುವಿನ ನೆಗಡಿಗೆ ಅರ್ಧ ಮುರಿದು ಕೊಡಲ್ಪಡುತ್ತದೆ. ನೆಗಡಿ ವೈರಾಣುವಿನದು, ಆಂಟಿಬಯೋಟಿಕ್ ಅದನ್ನು ಮುಟ್ಟುವುದೇ ಇಲ್ಲ. ೨೦೧೪ರ ಮಾರ್ಚಿನಿಂದ ಇಂಥ ಅನೇಕ ದೊಡ್ಡ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ, ಮಾರಿದ್ದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕೆಂದೂ ಕಾಯಿದೆ ಇದೆ. ೨೦೧೬ರಲ್ಲಿ ಸರಕಾರ ಗುಳಿಗೆಯ ಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ ಜಾಹೀರಾತನ್ನೂ ಹಾಕಿತು. ಕಾಯಿದೆ ಕಾಯಿದೆಯ ಪಾಡಿಗೆ ಇದೆ. ನಮ್ಮ ಗಲ್ಲಿಯ ಅಂಗಡಿಯವ ಪರಿಚಯದವ. "ಅಣ್ಣ, ಮೊನ್ನೆ ಕೊಟ್ಟದ್ದೇ ಕೊಡು" ಎಂದರೆ ಕೊಡುತ್ತಾನೆ. ಕೊಡದಿದ್ದರೆ ಸಿಟ್ಟಾಗುವವರೂ ನಾವೇ.

ನೆರೆಮನೆಯ ಮಗುವಿಗೆ ಕೊಲಿಸ್ಟಿನ್ ಹದಿನಾಲ್ಕು ದಿನ ನಡೆಯಿತು. ಮೂರನೆಯ ದಿನ ಮೂತ್ರ ಕಡಿಮೆಯಾಗಿ, ಮೂತ್ರಪಿಂಡ ಹೋಯಿತೇ ಎಂದು ರಾತ್ರಿಯೆಲ್ಲ ಅಳಿಯ ಮೆಟ್ಟಿಲ ಮೇಲೆ ಕುಳಿತಿದ್ದ. ಐದನೆಯ ದಿನ ಮೈ ಬೆಚ್ಚಗಾಯಿತು. ಎಂಟನೆಯ ದಿನ ಮತ್ತೆ ಒಂದು ಮಿಲಿ ಹಾಲು. ತಾಯಿ ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕೊಡುತ್ತಿದ್ದಳು, ಅಜ್ಜಿ ಹೊರಗೆ ಕುಳಿತು ಯಾರು ಬಂದರೂ ಮೊದಲು ನಲ್ಲಿಯ ಕಡೆ ಕೈ ತೋರಿಸುತ್ತಿದ್ದರು. ನಾವು ಹೋದ ದಿನ ನಮಗೂ ತೋರಿಸಿದರು. ಅದೇ ವಾರದಲ್ಲಿ ಎದುರಿನ ಪೆಟ್ಟಿಗೆಯ ಕೂಸೊಂದು, ಅದೇ ರೋಗಾಣುವಿನಿಂದಲೇ, ಉಳಿಯಲಿಲ್ಲ. ಆ ತಾಯಿತಂದೆ ಉತ್ತರದ ಕಡೆಯವರು. ಅವರ ಭಾಷೆ ನಮ್ಮ ಅಜ್ಜಿಗೆ ಬಾರದು. ಅಜ್ಜಿ ಆ ಹೆಂಗಸಿನ ಪಕ್ಕದಲ್ಲಿ ಸಂಜೆಯವರೆಗೆ ಸುಮ್ಮನೆ ಕುಳಿತಿದ್ದರು.

ನಲವತ್ತೊಂದನೆಯ ದಿನ ಮಗುವನ್ನು ಮನೆಗೆ ಕಳಿಸಿದರು. ತೂಕ ಒಂದು ಕಿಲೋ ಒಂಬೈನೂರು. ಕಾಗದಪತ್ರ ಕೊಡುವಾಗ ಆ ಕೇರಳದ ಹುಡುಗಿ ಕಪಾಟು ತೆರೆದು, ಮೇಲೆ ಅಜ್ಜಿಯ ಹೆಸರು ಬರೆದು ಪಟ್ಟಿ ಅಂಟಿಸಿದ್ದ ತೀರ್ಥದ ಬಾಟಲಿಯನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು, ಮಗುವಿಗೆ ಹಾಕದೆ, ಮೂರು ಹನಿ ಅವಳ ಅಂಗೈಗೆ ಬಿಟ್ಟರು.